ಟೇಪಮ್ಮ ಉರು ಹೊಡೆದ ಮೂರು ಪದ

ನಮ್ಮಮ್ಮನ ಅಸಲಿ ಹೆಸರು ಬೀದಿಯಲ್ಲಿ ಯಾರಿಗೂ ಗೊತ್ತಿಲ್ಲ. ಕೊರಳಲ್ಲಿ ಸದಾ ಅಳತೆ ಟೇಪು ನೇತಾಡುತ್ತಿರುತ್ತದೆ, ಹಾಗಾಗಿ ಎಲ್ಲರಿಗೂ ಅವಳು ಟೇಪಮ್ಮ. ಊಟಕ್ಕೆ ಕೂತರೂ ಅದು ಕೊರಳಲ್ಲೇ, ನೆಂಟರ ಮನೆಗೆ ಹೊರಟರೂ ಕೊರಳಲ್ಲೇ. ಒಂದು ಮದುವೆ ಫೋಟೊದಲ್ಲಿ ಸರ ಹಾಕಿಕೊಂಡು ಠೀವಿಯಿಂದ ನಿಂತಿದ್ದಾಳೆ, ಸರದ ಮೇಲೆ ಟೇಪೂ ಇದೆ. ಮನೆಗೆ ಬಂದವರೆಲ್ಲ ಮೊದಲು ಅದನ್ನು ನೋಡಿಯೇ ನಗುವುದು.

ಅವಳ ಅಂಗಡಿ ಅಂದರೆ ನಮ್ಮನೆಯ ಮುಂದಿನ ಕೋಣೆ. ಬೀದಿಗೆ ಒಂದು ಕಿಟಕಿ, ಕಿಟಕಿಯ ಕೆಳಗೆ ಮಿಷನ್ನು, ಗೋಡೆಗೆ ಒರಗಿಸಿದ ಉದ್ದ ಕನ್ನಡಿ, ಮೂಲೆಯಲ್ಲಿ ಪರದೆ ಎಳೆದು ಮಾಡಿದ ಟ್ರಯಲ್ ರೂಮು. ಅಪ್ಪ ಹೋದಮೇಲೆ ಆ ಮಿಷನ್ನೇ ಅಣ್ಣನನ್ನೂ ನನ್ನನ್ನೂ ಸಾಕಿದ್ದು. ಅಣ್ಣ ಓದಿ ವಿಮಾ ಕಂಪನಿ ಸೇರಿದ, ಮದುವೆಯಾಗಿ ಊರಿನ ಆಚೆ ತುದಿಯಲ್ಲಿ ಮನೆ ಮಾಡಿದ. ನಾನು ಬಸ್ ಕಂಡಕ್ಟರ್ ಆದೆ. ನನಗೂ ಒಂದು ಮದುವೆಯಾಗಿತ್ತು, ಹೊಂದಲಿಲ್ಲ, ಅದು ಬೇರೆಯೇ ಪುರಾಣ ಬಿಡಿ. ವಾಪಸ್ ಬಂದು ಅಮ್ಮನ ಜೊತೆಯಲ್ಲೇ ಇದ್ದೇನೆ.

ಅಮ್ಮ ಯಾರ ಅಳತೆಯನ್ನೂ ಬರೆದಿಟ್ಟವಳಲ್ಲ. ಎಲ್ಲ ತಲೆಯಲ್ಲೇ. ಹೆಗಲು, ತೋಳು, ಸೊಂಟ ಅಂತ ಟೇಪು ಹಿಡಿದು ಅಳೆಯುವುದು, ಬಾಯಲ್ಲಿ ಗುಣುಗುಣು ಅಂದುಕೊಳ್ಳುವುದು, ಅಷ್ಟೇ, ಅದು ಒಳಗೆ ಹೋಗಿ ಕೂತುಬಿಡುತ್ತಿತ್ತು. ವರ್ಷಗಟ್ಟಲೆ ಬಿಟ್ಟು ಬಂದವರಿಗೂ "ಸ್ವಲ್ಪ ಊದಿದ್ದೀಯ ಕಣಮ್ಮ" ಅಂತ ಟೇಪು ಮುಟ್ಟದೆ ಹೇಳುತ್ತಿದ್ದಳು. ಹೇಳುವುದೇನಿದ್ದರೂ ಅವರಿಗೆ ಮಾತ್ರ. ಒಬ್ಬರ ಅಳತೆ ಇನ್ನೊಬ್ಬರ ಕಿವಿಗೆ ಬೀಳಕೂಡದು. ಎದುರುಮನೆಯಾಕೆ ಒಂದು ಸಲ ತನ್ನ ನಾದಿನಿಯ ಸೊಂಟ ಎಷ್ಟು ಅಂತ ಬೆಣ್ಣೆ ಹಚ್ಚಿ ಹಚ್ಚಿ ಕೇಳಿದಳು. ಅಮ್ಮನ ತುಟಿಗಳ ನಡುವೆ ಗುಂಡುಸೂಜಿಗಳಿದ್ದವು, ಕಣ್ಣಲ್ಲೇ ಬಾಗಿಲು ತೋರಿಸಿದಳು. ಇನ್ನೊಬ್ಬ ಗಂಡಸು ಬಂದು, ಹೆಂಡತಿಗೆ ಗೊತ್ತಾಗದ ಹಾಗೆ ಒಂದು ಕೋಟು ತಂದುಕೊಡಬೇಕು, ಅವಳ ಅಳತೆ ಹೇಳಿ ಅಂದ. "ಬಟ್ಟೆ ತನ್ನಿ, ಹೊಲಿದುಕೊಡ್ತೀನಿ. ಅಳತೆ ಮಾತ್ರ ಕೇಳಬೇಡಿ" ಅಂದಳು. ಕಟ್ಟಿಕೊಂಡ ಗಂಡನಿಗೂ ಇಲ್ಲ.

ನಾನು ಇದಕ್ಕೆ ಪೂರ್ತಿ ಉಲ್ಟಾ. ದಿನವಿಡೀ "ಮುಂದೆ ಹೋಗಿ, ಮುಂದೆ ಹೋಗಿ" ಅಂತ ಕೂಗಿ ಕೂಗಿ ಮೆತ್ತಗೆ ಮಾತಾಡುವುದು ಹೇಗೆ ಅನ್ನುವುದೇ ನನ್ನ ಗಂಟಲಿಗೆ ಮರೆತುಹೋಗಿದೆ. ಹೊಟ್ಟೆಯಲ್ಲಿ ಒಂದು ಮಾತು ನಿಲ್ಲುವುದಿಲ್ಲ. "ನಿನ್ನ ಬಾಯಿಗೆ ಹೊಲಿಗೆ ಹಾಕಬೇಕು ಕಣೇ" ಅಂತ ಅಮ್ಮ ಚಿಕ್ಕಂದಿನಿಂದ ಬೈಯುತ್ತಿದ್ದಳು. ಎಲ್ಲ ತಾಯಂದಿರೂ ಹೇಳುವ ಮಾತೇ ಅದು, ಆದರೆ ದಾರ ಪೋಣಿಸಿದ ಸೂಜಿ ಕೈಯಲ್ಲಿ ಹಿಡಿದುಕೊಂಡು ಹೇಳಿದರೆ ಭಯ ಸ್ವಲ್ಪ ಜಾಸ್ತಿ.

ಶುರುವಾಗಿದ್ದು ಯಾವಾಗ ಅಂತ ನಿಖರವಾಗಿ ಹೇಳಲಾರೆ. ಒಬ್ಬರು ಮೇಷ್ಟ್ರ ಕೋಟಿಗೆ ಎರಡೂ ಕಡೆ ಎಡಗೈ ತೋಳನ್ನೇ ಕೂಡಿಸಿಬಿಟ್ಟಳು. ಮೇಷ್ಟ್ರು ಹಾಕಿಕೊಂಡು ಕನ್ನಡಿ ಮುಂದೆ ನಿಂತರೆ ಬಲಗೈ ಬೆನ್ನ ಕಡೆಗೆ ತಿರುಗಿದೆ. ಅವರು ನಕ್ಕರು, ಅಮ್ಮ ನಕ್ಕಳು, ನಾನೂ ನಕ್ಕೆ. ಆಮೇಲೆ ಒಬ್ಬಾಕೆಯ ಅಳತೆ ತೆಗೆದುಕೊಂಡು, ಆಕೆ ಚಪ್ಪಲಿ ಮೆಟ್ಟಿಕೊಳ್ಳುವಷ್ಟರಲ್ಲಿ ಮತ್ತೆ ಕರೆದು "ಬಾಮ್ಮ, ಅಳತೆ ಕೊಡು" ಅಂದಳು. ಆಗ ನನಗೆ ನಗು ಬರಲಿಲ್ಲ. ಅದಾದಮೇಲೆ ಇಸ್ತ್ರಿ ಪೆಟ್ಟಿಗೆಯನ್ನು ಯಾರದೋ ಪ್ಯಾಂಟಿನ ಮೇಲೆ ಬಿಟ್ಟು ಒಳಗೆ ಹೋಗಿ ಮಲಗಿದ್ದಾಳೆ. ಹೊಗೆ ಕಿಟಕಿಯಿಂದ ಬೀದಿಗೆ ಬಂದು, ಪಕ್ಕದ ಮನೆಯವರು ಓಡಿಬಂದು ವೈರು ಕಿತ್ತರು.

ಅಣ್ಣ ಆಫೀಸು ಬಿಟ್ಟು ಬಂದ. "ಸಾಕಮ್ಮ ಈ ಅಂಗಡಿ. ಬೀಗ ಹಾಕು, ನಮ್ಮನೆಗೆ ಬಂದುಬಿಡು" ಅಂದ.

"ಅಲ್ಲಿ ಬಂದು ಏನು ಮಾಡಲಿ?"

"ಆರಾಮಾಗಿರು."

"ಸತ್ತಮೇಲೆ ಇದ್ದೇ ಇರ್ತೀನಲ್ಲ ಆರಾಮಾಗಿ" ಅಂದು ಅಮ್ಮ ಮಿಷನ್ ತುಳಿಯಲು ಶುರುಮಾಡಿದಳು. ಆ ಸದ್ದಿನಲ್ಲಿ ಅಣ್ಣನ ಮುಂದಿನ ಮಾತು ಯಾರಿಗೂ ಕೇಳಿಸಲಿಲ್ಲ.

ಅಣ್ಣ ಹೊರಗೆ ಮೆಟ್ಟಿಲ ಹತ್ತಿರ ನನ್ನನ್ನು ಹಿಡಿದುಕೊಂಡ. "ಇವಳು ನಮ್ಮ ಮಾತು ಕೇಳಲ್ಲ. ಡಾಕ್ಟರ್ ಬಾಯಿಂದ ಒಂದು ಮಾತು ಬರಲಿ, ಮಾರನೇ ದಿನ ಅಂಗಡಿ ಮುಚ್ಚಿಸ್ತೀನಿ. ನೀನು ಹೋಗಿ ಕೇಳ್ಕೊಂಡು ಬಾ." ಅಣ್ಣ ಕೆಟ್ಟವನಲ್ಲ. ಅಮ್ಮ ಮರೆವಿನಲ್ಲಿ ಮನೆಗೇ ಬೆಂಕಿ ಹತ್ತಿಸಿಬಿಡುತ್ತಾಳೆ ಅಂತ ಅವನಿಗೆ ನಿಜವಾಗಲೂ ಭಯವಿತ್ತು. ಹೆದರಿದರೆ ಅವನಿಗೆ ಗೊತ್ತಿರುವುದು ಬೀಗ ಹಾಕುವುದೊಂದೇ, ನನಗೆ ಗೊತ್ತಿರುವುದು ಕೂಗಾಡುವುದೊಂದೇ.

ನನಗಾದರೂ ಅಂಗಡಿ ಮುಚ್ಚಿಸುವ ಆಸೆ ಇರಲಿಲ್ಲ. ಅಮ್ಮನಿಗೆ ಏನಾಗಿದೆ ಅಂತ ಗೊತ್ತಾಗಬೇಕಿತ್ತು, ಅಷ್ಟೇ. ಯಾಕೆಂದರೆ ಆ ಹೊತ್ತಿಗೆ ಇನ್ನೂ ಎರಡು ವಿಚಿತ್ರ ಶುರುವಾಗಿದ್ದವು. ಹೊಸ ಬಟ್ಟೆ ತಂದವರನ್ನೆಲ್ಲ ಅಮ್ಮ ವಾಪಸ್ ಕಳಿಸುತ್ತಿದ್ದಳು. "ಕೈ ತುಂಬಾ ಕೆಲಸ ಇದೆ, ಆಗಲ್ಲ" ಅನ್ನುವಳು, ಕೈಯಲ್ಲಿ ನೋಡಿದರೆ ಯಾವುದೋ ಹಳೇ ಪ್ಯಾಂಟಿನ ಅಂಚು. ಎರಡನೆಯದು, ಮಿಷನ್ ತುಳಿಯುತ್ತಾ ಅವಳು ಗುಣುಗುಣು ಅನ್ನುತ್ತಿದ್ದುದು ಈಗ ಅಳತೆಯಲ್ಲ. ಒಂದು ಬೆಳಿಗ್ಗೆ ಶಿಫ್ಟಿಗೆ ಹೊರಟವಳು ಬಾಗಿಲಲ್ಲಿ ನಿಂತು ಕಿವಿಗೊಟ್ಟು ಕೇಳಿದೆ. "ಛತ್ರಿ, ನಿಂಬೆಹಣ್ಣು, ಏಣಿ. ಛತ್ರಿ, ನಿಂಬೆಹಣ್ಣು, ಏಣಿ." ಬಸ್ಸಿನಲ್ಲಿ ಅವತ್ತು ಇಳಿಯುವವರಿಗೆ ಹತ್ತಿ ಅಂದೆ, ಹತ್ತುವವರಿಗೆ ಇಳಿಯಿರಿ ಅಂದೆ.

ನಮ್ಮ ಬೀದಿಯವರಿಗೆಲ್ಲ ಒಬ್ಬರೇ ಡಾಕ್ಟರು, ನಡುವಯಸ್ಸಿನ ಹೆಂಗಸು, ಮಾತು ಕಮ್ಮಿ. ಆಕೆಯ ಬಟ್ಟೆ ಹೊಲಿಯುವುದೂ ಅಮ್ಮನೇ. ಶಿಫ್ಟು ಮುಗಿಸಿ, ಯೂನಿಫಾರ್ಮಿನಲ್ಲೇ ಹೋಗಿ ಕೂತೆ. ಎರಡು ತೋಳಿನ ಕಥೆಯಿಂದ ಇಸ್ತ್ರಿ ಪೆಟ್ಟಿಗೆಯವರೆಗೆ ಒಂದೇ ಉಸಿರಿಗೆ ಹೇಳಿದೆ. ಆಕೆ ಮಧ್ಯೆ ಬಾಯಿ ಹಾಕಲಿಲ್ಲ.

"ಈಗ ನೀವು ಹೇಳಿ ಡಾಕ್ಟ್ರೇ. ನಮ್ಮಮ್ಮನಿಗೆ ಏನಾಗಿದೆ?"

"ನೀವು ಹೇಳೋದನ್ನೆಲ್ಲ ನಾನು ಕೇಳಿಸ್ಕೋಬಹುದು. ಆದರೆ ಅವರು ಒಪ್ಪದೆ ಅವರ ಬಗ್ಗೆ ನಾನು ಏನೂ ಹೇಳೋ ಹಾಗಿಲ್ಲ. ಅವರು ನನ್ನ ಹತ್ತಿರ ಬರ್ತಾರೋ ಇಲ್ವೋ ಅನ್ನೋದನ್ನೂ."

"ನಾನು ಅವಳ ಹೊಟ್ಟೇಲಿ ಹುಟ್ಟಿದ ಮಗಳು."

"ಗೊತ್ತು."

"ದಾರೀಲಿ ಹೋಗೋಳಲ್ಲ."

"ಗೊತ್ತಮ್ಮ."

ನನಗೆ ಪಿತ್ತ ನೆತ್ತಿಗೇರಿತು. ಬಸ್ಸು ಎಲ್ಲಿಗೆ ಹೋಗುತ್ತೆ ಅಂತ ಕೇಳಿದರೆ ಅದನ್ನು ಹೇಳುವ ಹಾಗಿಲ್ಲ ಅಂತ ನಾನು ಅಂದಿದ್ದರೆ ಜನ ನನ್ನನ್ನು ಬಿಡುತ್ತಿದ್ದರಾ ಅಂತ ಕೇಳಿಯೇಬಿಟ್ಟೆ. ಹೊರಗೆ ಬೆಂಚಿನ ಮೇಲೆ ಕೂತವರಿಗೂ ಕೇಳಿಸಿರಬೇಕು. ಆಕೆ ಕೋಪ ಮಾಡಿಕೊಳ್ಳಲಿಲ್ಲ. "ನನ್ನ ಸೊಂಟದ ಅಳತೆ ನಿಮ್ಮಮ್ಮನಿಗೆ ಬಾಯಿಪಾಠ. ನಿಮಗೆ ಯಾವತ್ತಾದರೂ ಹೇಳಿದ್ದಾರಾ?" ಅಂದರು.

ಇಲ್ಲ ಅಂದೆ. ಏಳಲು ಹೊರಟವಳು ಬಾಗಿಲ ಹತ್ತಿರ ತಿರುಗಿ, "ಇನ್ನೊಂದು ಹೇಳೋದೇ ಮರೆತೆ. ಮಿಷನ್ ಮುಂದೆ ಕೂತು ದಿನಾ ಮೂರು ಪದ ಜಪ ಮಾಡ್ತಾಳೆ. ಒಂದಕ್ಕೊಂದು ಸಂಬಂಧ ಇಲ್ಲ. ಛತ್ರಿ, ನಿಂಬೆಹಣ್ಣು, ಏಣಿ" ಅಂದೆ.

ಡಾಕ್ಟರ ಕೈಯಲ್ಲಿದ್ದ ಪೆನ್ನು ನಿಂತಿತು. ನನ್ನನ್ನು ನೋಡಿದರು, ಆಮೇಲೆ ಕನ್ನಡಕ ತೆಗೆದು ಸುಮ್ಮನೆ ಒರೆಸಿದರು. ಆ ಮುಖದಲ್ಲಿ ನಗು ಬರುತ್ತಿತ್ತೋ ಅಳು ಬರುತ್ತಿತ್ತೋ ನನಗೆ ತಿಳಿಯಲಿಲ್ಲ. ಮುಗೀತು, ಇದು ವಾಸಿಯಾಗದ ಕಾಯಿಲೆಯೇ ಅಂದುಕೊಂಡೆ.

"ನೀವು ಬಂದಿದ್ದನ್ನ ಅವರಿಗೆ ಹೇಳಬಹುದಾ?" ಅಂತ ಕೇಳಿದರು.

"ಅಯ್ಯೋ, ಬೇಡ ಡಾಕ್ಟ್ರೇ. ಬೆನ್ನ ಹಿಂದೆ ಹೋಗಿ ದೂರು ಹೇಳಿದಳು ಅಂತ ಗೊತ್ತಾದರೆ ನನ್ನ ಮುಖ ನೋಡಲ್ಲ ಅವಳು."

"ನಾನಾಗಿ ಹೇಳಲ್ಲ. ಆದರೆ ಅವರೇ ನೇರವಾಗಿ ಕೇಳಿದರೆ ನಾನು ಸುಳ್ಳು ಹೇಳಲ್ಲ. ಅದಕ್ಕೆ ಮುಂಚೆ ನೀವೇ ಹೇಳಿದರೆ ಒಳ್ಳೇದು."

ಹೇಳುತ್ತೇನೆ ಅಂದೆ. ಹೇಳಲಿಲ್ಲ. ಊರಿಗೆಲ್ಲ ಡಂಗುರ ಹೊಡೆಯುವ ಬಾಯಿ ಅಮ್ಮನ ಮುಂದೆ ಹೋದರೆ ಕಟ್ಟಿಕೊಳ್ಳುತ್ತಿತ್ತು. ರಾತ್ರಿ ಅಣ್ಣ ಫೋನ್ ಮಾಡಿ "ಏನಂದ್ರು?" ಅಂದ. ಏನೂ ಅನ್ನಲಿಲ್ಲ ಅಂದೆ. "ಏನೂ ಅನ್ನಲಿಲ್ಲ ಅಂದ್ರೆ ಏನೂ ಇಲ್ಲ ಅಂತಾನಾ?" ಅಂದ. "ಏನೂ ಇಲ್ಲ ಅಂತಾನೂ ಅನ್ನಲಿಲ್ಲ" ಅಂದೆ. "ನಿನ್ನನ್ನ ಕಳಿಸಿದ್ನಲ್ಲ, ನನಗೆ ಬುದ್ಧಿ ಇಲ್ಲ" ಅಂತ ಫೋನಿಟ್ಟ.

ಸ್ವಲ್ಪ ದಿನ ಕಳೆಯಿತು. ನನಗೆ ವಾರದ ರಜೆ ಇದ್ದ ದಿನ ಅಮ್ಮ ಗುಂಡಿ ತರುತ್ತೇನೆ ಅಂತ ಹೊರಗೆ ಹೋದಳು. ಬರುವಾಗ ಕೈಯಲ್ಲಿ ಗುಂಡಿ ಇರಲಿಲ್ಲ. ನೀರು ಕೂಡ ಕುಡಿಯದೆ ಸೀದಾ ಮಿಷನ್ ಮುಂದೆ ಕೂತು, ಅಭ್ಯಾಸದಂತೆ ಗುಂಡುಸೂಜಿಗಳನ್ನು ತುಟಿಯಲ್ಲಿ ಕಚ್ಚಿಕೊಂಡಳು. ಆದರೆ ತುಳಿಯಲಿಲ್ಲ. ಗುಣುಗುಣು ಕೂಡ ಇಲ್ಲ. ನಾನು ಟೀ ತಂದು ಪಕ್ಕದಲ್ಲಿಟ್ಟೆ. ಅಮ್ಮ ತುಟಿಯಲ್ಲಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ಸೂಜಿದಿಂಬಿಗೆ ಚುಚ್ಚಿದಳು. ಅಮ್ಮ ಹಾಗೆ ಬಾಯಿ ಖಾಲಿ ಮಾಡಿಕೊಂಡಳು ಅಂದರೆ ಯಾರಿಗೋ ಗ್ರಹಚಾರ ಅಂತ ನಮಗೆ ಚಿಕ್ಕಂದಿನಿಂದ ಗೊತ್ತು.

"ಡಾಕ್ಟರಮ್ಮನ ಹತ್ತಿರ ಹೋಗಿದ್ದೆಯಾ?"

"ಯಾರು ಹೇಳಿದ್ದು? ಅವರೇ ಹೇಳಿದ್ರಾ? ಹೇಳಲ್ಲ ಅಂದಿದ್ರು..."

"ಅವಳು ಹೇಳಲಿಲ್ಲ" ಅಂದಳು ಅಮ್ಮ. "ಈಗ ನೀನು ಹೇಳಿದೆ."

ನಾನು ಅಲ್ಲೇ ಸ್ಟೂಲು ಎಳೆದುಕೊಂಡು ಕೂತೆ. ಅಮ್ಮ ಕಿಟಕಿಯ ಕಡೆ ನೋಡುತ್ತಾ ಮಾತಾಡಿದಳು. ಆ ಎರಡು ಎಡಗೈ ತೋಳಿನ ಕೋಟು ಇತ್ತಲ್ಲ, ಅದಾದ ವಾರವೇ ಅವಳು ಡಾಕ್ಟರ ಹತ್ತಿರ ಹೋಗಿದ್ದಳಂತೆ. ಒಬ್ಬಳೇ. ನಾವೆಲ್ಲ ನಕ್ಕೆವಲ್ಲ, ಅವಳು ನಕ್ಕಿದ್ದು ನಮಗೋಸ್ಕರವಂತೆ. ಡಾಕ್ಟರು ಮೂರು ಪದ ಹೇಳಿ, ಬೇರೆ ಏನೇನೋ ಮಾತಾಡಿ, ಆಮೇಲೆ ಆ ಪದ ಯಾವುವು ಅಂತ ಕೇಳುತ್ತಾರಂತೆ. ಮೊದಲ ಸಲ ಅಮ್ಮನಿಗೆ ಒಂದೂ ನೆನಪಿಗೆ ಬಂದಿರಲಿಲ್ಲ. ಬರುವಾಗ ಕೇಳಿಕೊಂಡು ಬಂದಳು. ಅವತ್ತಿನಿಂದ ಅಳತೆ ಉರು ಹೊಡೆದ ಹಾಗೆ ಅವನ್ನೇ ಉರು ಹೊಡೆದಳು. ಛತ್ರಿ, ನಿಂಬೆಹಣ್ಣು, ಏಣಿ. ಆಮೇಲೆ ಹೋದಾಗಲೆಲ್ಲ ಪಟಪಟ ಅಂತ ಒಪ್ಪಿಸಿದಳು, ಡಾಕ್ಟರು ಖುಷಿಪಟ್ಟರು, ಇವಳೂ ಖುಷಿಪಟ್ಟಳು.

"ಪರೀಕ್ಷೇಲಿ ಕಾಪಿ ಹೊಡೆದೆಯಾ ಅಮ್ಮ?"

"ಕಾಪಿ ಯಾಕೆ ಹೊಡೀಲಿ. ಉರು ಹೊಡೆದೆ."

ನನಗೆ ನಗು ಉಕ್ಕಿ ಬಂತು. ಅವಳ ಮುಖ ನೋಡಿ ತಡೆದುಕೊಂಡೆ.

"ಇವತ್ತು ಹೋದೆ" ಅಂದಳು. "ಅವಳು ಪದ ಬದಲಾಯಿಸಿಬಿಟ್ಟಿದ್ದಳು. ರೈಲು ಅಂತ ಒಂದಿತ್ತು. ಉಳಿದೆರಡು ಏನು ಮಾಡಿದರೂ ಬರಲಿಲ್ಲ. ಅವಳು ಒಂದು ಮಾತೂ ಆಡಲಿಲ್ಲ, ಪಾಪ. ಆದರೆ ಇಷ್ಟು ದಿನ ಬದಲಾಯಿಸದವಳು ಇವತ್ತು ಯಾಕೆ ಬದಲಾಯಿಸಿದಳು? ನಾನು ಗುಣುಗುಣು ಅನ್ನೋದು ಕೇಳಿಸೋದು ಈ ಮನೇಲಿ ನಿನಗೊಬ್ಬಳಿಗೇ."

ಬಾಯಿ ಬಿಡದೆ ಇರಬೇಕು ಅಂತ ಆ ಡಾಕ್ಟರು ಅಷ್ಟು ಕಷ್ಟಪಟ್ಟಿದ್ದರು. ನಾನು ರೋಗದ ಲಕ್ಷಣ ಅಂತ ಅವರದ್ದೇ ಪದಗಳನ್ನು ತೆಗೆದುಕೊಂಡು ಹೋಗಿ ಅವರ ಮೇಜಿನ ಮೇಲೆ ಸುರಿದು ಬಂದಿದ್ದೆ. ಅಮ್ಮನ ಮರೆವು ಎಲ್ಲಿಗೆ ಬಂದಿದೆ ಅನ್ನುವುದು ಅದರಿಂದಲೇ ಅವರಿಗೂ ಗೊತ್ತಾಯಿತು, ಅಮ್ಮನಿಗೂ ಗೊತ್ತಾಯಿತು.

"ಹೊಸ ಬಟ್ಟೆ ಬೇಡ ಅಂತಿದ್ದೆಯಲ್ಲ?"

"ಕತ್ತರಿ ಹಾಕಿದಮೇಲೆ ಬಟ್ಟೆ ಮತ್ತೆ ಕೂಡುತ್ತಾ? ನಾನೇ ನಿಲ್ಲಿಸಿದೆ. ಹಳೇದನ್ನ ಚಿಕ್ಕದು ಮಾಡೋದು, ದೊಡ್ಡದು ಮಾಡೋದು ಸಾಕು. ತಪ್ಪಾದರೆ ಬಿಚ್ಚಬಹುದು."

"ನನಗೆ ಒಂದು ಮಾತು ಹೇಳೋಕೆ ಏನಾಗಿತ್ತು ನಿನಗೆ?" ಅಂತ ಕೂಗಿದೆ. ಕೂಗಬಾರದಿತ್ತು, ಆದರೆ ನನಗೆ ಬರುವುದು ಅದೇ. "ಒಂದೇ ಸೂರಿನ ಕೆಳಗೆ ಇದ್ದೀವಿ. ಒಬ್ಬಳೇ ಹೋಗಿ ಒಬ್ಬಳೇ ಬರ್ತೀಯ. ನಾನು ಸತ್ತುಹೋಗಿದ್ನಾ?"

"ನಿನಗೆ ಹೇಳಿದರೆ ಬಸ್ಸಿಗೆಲ್ಲ ಹೇಳಿದ ಹಾಗೆ. ಬಸ್ಸಿಗಿಂತ ಮುಂಚೆ ನಿಮ್ಮಣ್ಣನಿಗೆ ಮುಟ್ಟುತ್ತೆ. ಮಾರನೇ ದಿನ ಅಂಗಡಿಗೆ ಬೀಗ." ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವಳು ಅತ್ತಿದ್ದನ್ನು ನಾನು ಅಪ್ಪ ಹೋದಾಗ ನೋಡಿದ್ದು ಬಿಟ್ಟರೆ ಅವತ್ತೇ. "ಹೆದರಿಕೊಳ್ಳೋಕೆ ನನಗೆ ಡಾಕ್ಟರಮ್ಮನ ಆ ಕೋಣೆ ಒಂದಿತ್ತು ಕಣೇ. ಇಲ್ಲಿ ನಿಮ್ಮ ಮುಂದೆ ಹೆದರೋ ಹಾಗಿಲ್ಲ, ನೀವು ನನಗಿಂತ ಜಾಸ್ತಿ ಹೆದರ್ತೀರ. ಅಲ್ಲಿ ಹೋಗಿ ಬಾಗಿಲು ಹಾಕ್ಕೊಂಡು ಸ್ವಲ್ಪ ಹೊತ್ತು ಹೆದರಿ ಬರ್ತಿದ್ದೆ. ಅಲ್ಲಿಗೂ ಬಂದುಬಿಟ್ಟೆಯಲ್ಲ ನೀನು."

ಟೀ ಮೇಲೆ ಕೆನೆ ಕಟ್ಟುತ್ತಿತ್ತು. ಆಗಲೇ ನನ್ನ ಫೋನು ಬಡಿದುಕೊಂಡಿತು. ಅಣ್ಣ.

"ಮತ್ತೆ ಹೋಗಿದ್ಯಾ ಡಾಕ್ಟರ್ ಹತ್ತಿರ? ಏನಾದರೂ ಗೊತ್ತಾಯ್ತಾ?"

ಅಮ್ಮ ನನ್ನ ಕಡೆ ನೋಡಲಿಲ್ಲ. ಟೇಪನ್ನು ಬೆರಳಿಗೆ ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು. ನನ್ನ ನಾಲಿಗೆ ತುದಿಗೆ ಎಲ್ಲವೂ ಬಂದು ನಿಂತಿತ್ತು. ಅಣ್ಣನಿಗೆ ಹೇಳಿ ಹಗುರಾಗಿಬಿಡಬೇಕು ಅನ್ನಿಸಿತು, ಸುಳ್ಳು ಯಾಕೆ ಹೇಳಲಿ. ಒಬ್ಬಳೇ ಹೊತ್ತುಕೊಳ್ಳುವ ಭಾರವಲ್ಲ ಅದು.

"ಅಮ್ಮನ ವಿಷಯ ಅಮ್ಮನ್ನೇ ಕೇಳು ಅಣ್ಣ" ಅಂದೆ.

"ಅಂದ್ರೆ ನಿನಗೆ ಗೊತ್ತಾಗಿದೆ."

"ಗೊತ್ತಿದೆ ಅಂತಾನೂ ಹೇಳಲ್ಲ, ಗೊತ್ತಿಲ್ಲ ಅಂತಾನೂ ಹೇಳಲ್ಲ. ಇಸ್ತ್ರಿ ಇನ್ಮೇಲೆ ನಾನೇ ಮಾಡ್ತೀನಿ, ಬೆಂಕಿ ಯೋಚನೆ ನಿನಗೆ ಬೇಡ. ಉಳಿದದ್ದು ಅವಳನ್ನ ಕೇಳು. ಬಯ್ಯೋದಾದರೆ ನನ್ನನ್ನ ಬಯ್ಯಿ."

ಅಣ್ಣ ಚೆನ್ನಾಗಿಯೇ ಬೈದ. ನಾನು ಕೇಳಿಸಿಕೊಂಡೆ. ಅವನದ್ದೂ ತಪ್ಪಿಲ್ಲ, ಅವನಿಗೂ ಅವಳು ಅಮ್ಮನೇ. ಫೋನಿಟ್ಟಾಗ ಅಮ್ಮ ತಣ್ಣಗಾದ ಟೀ ಕುಡಿಯುತ್ತಿದ್ದಳು. ಸಂಜೆ ಮೂರು ಅಂಗಿ ತಂದು ನನ್ನ ಮುಂದೆ ಹಾಕಿ "ಕಾಲರಿಗೆ ಮೊದಲು ಇಸ್ತ್ರಿ ಹಾಕು, ತೋಳಿಗೆ ಕೊನೇಲಿ" ಅಂದಳು. ಕ್ಷಮಿಸಿದಳೋ ಇಲ್ಲವೋ ಅಂತ ಕೇಳುವ ಧೈರ್ಯ ನನಗಾಗಲಿಲ್ಲ.

ಮುಂದಿನ ಸಲ ಡಾಕ್ಟರ ಹತ್ತಿರ ಹೊರಟಾಗ ಅಮ್ಮ ಗುಂಡಿ ತರುತ್ತೇನೆ ಅನ್ನಲಿಲ್ಲ. "ಬರ್ತೀಯಾ?" ಅಂದಳು. ನಾನು ಶಿಫ್ಟು ಬದಲಾಯಿಸಿಕೊಂಡು ಹೋದೆ. ಹೊರಗಿನ ಬೆಂಚಿನ ಮೇಲೆ ಕೂರಲು ಹೋದವಳನ್ನು ಕೈ ಹಿಡಿದು ಎಬ್ಬಿಸಿ ಒಳಗೆ ಕರೆದುಕೊಂಡು ಹೋದಳು.

ಡಾಕ್ಟರು ನಮ್ಮಿಬ್ಬರನ್ನೂ ನೋಡಿ ಒಂದು ಕುರ್ಚಿ ಹೆಚ್ಚಿಗೆ ಎಳೆದು ಹಾಕಿದರು. ಅಮ್ಮನ ಕಡೆ ತಿರುಗಿ, "ಆ ಪದ ಬದಲಾಯಿಸೋಕೆ ಮುಂಚೆ ನಿಮಗೆ ಹೇಳಬೇಕಿತ್ತು ನಾನು" ಅಂದರು.

"ಹೇಳಿದ್ದರೆ ಅದನ್ನೂ ಉರು ಹೊಡೀತಿದ್ದೆ" ಅಂದಳು ಅಮ್ಮ. ಡಾಕ್ಟರು ನಕ್ಕರು. ಅಷ್ಟು ಮಾತು ಕಮ್ಮಿ ಇರುವ ಆಕೆ ನಕ್ಕಿದ್ದು ನಾನು ನೋಡಿದ್ದು ಅದೇ ಮೊದಲು.

"ಇವರು ಇರಲಿ ಅಂತೀರಾ? ಇವರ ಮುಂದೆ ಎಲ್ಲ ಮಾತಾಡಬಹುದಾ?"

"ಮಾತಾಡಬಹುದು. ನನ್ನ ಮಗನಿಗೆ ಮಾತ್ರ ನೀವು ಹೇಳಬೇಡಿ, ನಾನೇ ಹೇಳ್ತೀನಿ. ಅಂಗಡಿ ಯಾವತ್ತು ಮುಚ್ಚಬೇಕು ಅನ್ನೋದೂ ನನ್ನ ಬಾಯಿಂದಲೇ ಬರಬೇಕು."

ಡಾಕ್ಟರು ಪೆನ್ನು ಕೆಳಗಿಟ್ಟರು. "ನೀವು ಹೇಳೋಕೆ ಆಗದೆ ಇರೋ ಹಾಗಾದರೆ?" ಅಂತ ಮೆಲ್ಲಗೆ ಕೇಳಿದರು.

ಬಸ್ಸಿನಲ್ಲಿ ಎಂಥೆಂಥವರನ್ನೋ ಎದುರಿಸಿದ ನಾನು ಆ ಪ್ರಶ್ನೆ ಕೇಳಿ ನೆಲ ನೋಡಿದೆ. ಅಮ್ಮ ತಲೆ ತಗ್ಗಿಸಲಿಲ್ಲ. ಅಂಗಡಿಯಲ್ಲಿ ಗಿರಾಕಿಯ ಹೆಗಲು ಹಿಡಿದು ನೇರ ನಿಲ್ಲಿಸುತ್ತಾಳಲ್ಲ, ಹಾಗೆ ನನ್ನ ಹೆಗಲ ಮೇಲೆ ಕೈಯಿಟ್ಟಳು.

"ಆಗ ಇವಳು ಹೇಳಲಿ" ಅಂದಳು. "ಇವಳಿಗೆ ಎಲ್ಲಾ ಹೇಳಬಹುದು ಡಾಕ್ಟರಮ್ಮ, ನಾನು ಜೊತೇಲಿ ಇದ್ದರೂ ಇಲ್ಲದಿದ್ದರೂ. ಮುಂದೆ ಯಾವತ್ತಾದರೂ ನಾನೇ ಬಂದು, ಇವಳ್ಯಾರೋ ಗೊತ್ತಿಲ್ಲ, ಇವಳಿಗೆ ಏನೂ ಹೇಳಬೇಡಿ ಅಂತ ಗಲಾಟೆ ಮಾಡಬಹುದು. ಆವತ್ತಿನ ನನ್ನ ಮಾತು ಕೇಳಬೇಡಿ. ಇವತ್ತಿಂದು ಇಟ್ಕೊಳ್ಳಿ. ಇವಳು ನನ್ನ ಮಗಳು ಅಂತ ಇವತ್ತು ನನಗೆ ಗೊತ್ತಿದೆ."